ಹಾಜರಿಯಲ್ಲಿ ಹೆಸರಿದೆ, ಮಗ ಮನೆಯಲ್ಲಿದ್ದಾನೆ. ಏನು ಮಾಡಲಿ?

ಕಡ್ಲೆಕಾಯಿ ಅಮ್ಮ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನನ್ನ ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಕಡಿಮೆ, ಎರಡು ಮೂರು ಪದ ಕೂಡಿಸಿ ಹೇಳುತ್ತಾನೆ. ನಮ್ಮೂರ ಸರ್ಕಾರಿ ಶಾಲೆಗೇ ಒಂದನೇ ಕ್ಲಾಸಿಗೆ ಸೇರಿಸಿದ್ದೆವು. ಆಗ ಒಬ್ಬ ಮಿಸ್ ಇದ್ದರು, ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಚೆನ್ನಾಗಿಯೇ ನಡೆಯಿತು. ಅವರಿಗೆ ಟ್ರಾನ್ಸ್‌ಫರ್ ಆಯಿತು. ಅಲ್ಲಿಂದ ಶುರು. ಮೊದಲು "ಊಟ ಆದ ಮೇಲೆ ಕರ್ಕೊಂಡು ಹೋಗಿ" ಅಂದರು. ಆಮೇಲೆ "ವಾರಕ್ಕೆ ಮೂರು ದಿನ ಸಾಕು" ಅಂದರು. ಕೊನೆಗೆ "ಸಾಹೇಬ್ರು ಬರ್ತಾರೆ, ಈ ವಾರ ಬೇಡ." ಯಾರೂ ಬೈಯಲಿಲ್ಲ, ಟಿ.ಸಿ.ಯೂ ಕೊಡಲಿಲ್ಲ. ಎಲ್ಲ ನಗುನಗುತ್ತಲೇ ಆಯಿತು. ಈಗ ಹದಿನಾಲ್ಕು ತಿಂಗಳಿಂದ ಮಗ ಮನೆಯಲ್ಲಿದ್ದಾನೆ.

ಹೋದ ವಾರ ಏನೋ ಒಂದು ದೃಢೀಕರಣ ಪತ್ರಕ್ಕೆ ಶಾಲೆಗೆ ಹೋದಾಗ ಗೊತ್ತಾಯಿತು, ಇವನ ಹೆಸರು ಮೂರನೇ ಕ್ಲಾಸಿನ ಹಾಜರಿಯಲ್ಲಿದೆಯಂತೆ. ಪಾಸಾಗಿ ಬಂದಿದ್ದಾನಂತೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವರ ಮುಖ್ಯ ದೂರು ಗಂಟೆ. ಶಾಲೆಯಲ್ಲಿ ರೈಲು ಹಳಿಯ ತುಂಡು ನೇತುಹಾಕಿದ್ದಾರೆ. ಹೊಡೆದರೆ ಊರ ಕೊನೆಯ ಮನೆಗೂ ಕೇಳುತ್ತದೆ. ಇವನು ಕಿವಿ ಮುಚ್ಚಿಕೊಂಡು ಗೇಟಿನ ಕಡೆ ಓಡುತ್ತಾನೆ. ಗೇಟಿನಾಚೆ ರಸ್ತೆ. "ಏನಾದ್ರೂ ಆದ್ರೆ ಯಾರಮ್ಮ ಜವಾಬ್ದಾರಿ" ಅಂತ ಕೇಳುತ್ತಾರೆ. ಅವರ ಭಯವೂ ಸುಳ್ಳಲ್ಲ ಅಲ್ವಾ.

ಮನೆಗೇ ಬಂದು ಪಾಠ ಹೇಳುವ ವ್ಯವಸ್ಥೆ ಇದೆ ಅಂತ ಕೇಳಿದ್ದೇನೆ. ಅದನ್ನು ಕೇಳಲೇ? ಶಾಲೆಗೇ ಕಳಿಸಲು ಮತ್ತೆ ಹೋರಾಡಲೇ? ಅಲ್ಲಿಯವರೆಗೆ ದಿನವಿಡೀ ಇವನ ಜೊತೆ ನಾನು ಏನು ಮಾಡಲಿ?

ಹುಬ್ಬಳ್ಳಿ ಮಲ್ಲಿಗೆ

ಅಕ್ಕಾರ, ನಿಮ್ಮ ಮಗ ಶಾಲೆ ಬಿಟ್ಟಿಲ್ಲರೀ. ಶಾಲೆಯೇ ಅವನನ್ನು ಬಿಟ್ಟಿದೆ. ಮೊದಲು ಇದನ್ನು ಕಾಗದದ ಮೇಲೆ ತನ್ನಿರಿ.

ನನ್ನ ಮಗಳಿಗೆ ಈಗ 17, ಡೌನ್ ಸಿಂಡ್ರೋಮ್. ನಾನೂ ಎರಡು ವರ್ಷ ಬರೀ ಬಾಯಲ್ಲಿ ಕೇಳಿಕೊಂಡು ತಿರುಗಿದವಳೇ. "ನೋಡೋಣ್ರೀ" ಅನ್ನುವುದನ್ನು ಕೇಳಿ ಕೇಳಿ ಸಾಕಾಗಿತ್ತು. ಅರ್ಜಿ ಕೊಟ್ಟ ದಿನವೇ ಮೊದಲ ಸಲ ಕುರ್ಚಿ ಕೊಟ್ಟು ಕೂರಿಸಿದರು.

ಒಂದು ಬಿಳಿ ಹಾಳೆ ಸಾಕು. ಹೆಡ್ ಮಾಸ್ಟರ್ ಹೆಸರಿಗೆ ಬರೆಯಿರಿ. ಇಂಥ ತಾರೀಖಿನಿಂದ ಮಗನನ್ನು ಕಳಿಸಬೇಡಿ ಎಂದು ಬಾಯಲ್ಲಿ ಹೇಳಿದ್ದೀರಿ, ನಾವು ದಿನವೂ ಕಳಿಸಲು ಸಿದ್ಧ, ಅವನಿಗೆ ಏನು ಸಹಾಯ ಕೊಡುತ್ತೀರಿ ಎಂದು ಬರೆದು ತಿಳಿಸಿ. ಅಷ್ಟೇ. ಸಿಟ್ಟಿನ ಮಾತು ಒಂದೂ ಬೇಡ. ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ, ಒಂದು ಬಿಆರ್‌ಸಿಗೆ (ಕ್ಷೇತ್ರ ಸಂಪನ್ಮೂಲ ಕೇಂದ್ರ), ಒಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ. ನಿಮ್ಮ ಜೆರಾಕ್ಸ್ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿರಿ. ತೆಗೆದುಕೊಳ್ಳಲಿಲ್ಲವೋ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿರಿ.

ಕಾನೂನು ನಿಮ್ಮ ಕಡೆಗೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಗುವನ್ನು ಎಂಟನೇ ಕ್ಲಾಸು ಮುಗಿಯುವವರೆಗೆ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. 2016ರ ವಿಕಲಚೇತನರ ಹಕ್ಕು ಕಾಯ್ದೆಯಲ್ಲಿ ನೂರಕ್ಕೆ 40 ಅಥವಾ ಜಾಸ್ತಿ ಅಂಗವೈಕಲ್ಯ ಇದ್ದರೆ 18 ವರ್ಷದವರೆಗೂ ಉಚಿತ ಶಿಕ್ಷಣ ಉಂಟು. ಹತ್ತಿರದ ಶಾಲೆ ಬೇಕೋ ವಿಶೇಷ ಶಾಲೆ ಬೇಕೋ, ಆರಿಸುವುದು ನಾವು.

ಬಿಆರ್‌ಸಿ ಮೇಷ್ಟ್ರು

ನಾನು ಇದೇ ಕೆಲಸದಲ್ಲಿರುವವನು, ಬಿಐಇಆರ್‌ಟಿ. ಅಂದರೆ ತಾಲ್ಲೂಕಿನ ವಿಶೇಷ ಅಗತ್ಯದ ಮಕ್ಕಳಿಗೆಂದು ಬಿಆರ್‌ಸಿಯಲ್ಲಿ ಕೂರುವ ಶಿಕ್ಷಕ. ಕೂರುವುದೇನು ಬಂತು, ಬೈಕ್ ಮೇಲೇ ಇರುತ್ತೇನೆ.

ಮನೆ ಪಾಠದ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ ಅಮ್ಮ. ಇಲಾಖೆಯ ಭಾಷೆಯಲ್ಲಿ ಅದು ಗೃಹಾಧಾರಿತ ಶಿಕ್ಷಣ. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಬಂತು. ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಬೇಕಿದ್ದರೆ ಮನೆಯಲ್ಲೇ ಕಲಿಯಬಹುದು ಎನ್ನುತ್ತದೆ. "ಬೇಕಿದ್ದರೆ" ಎನ್ನುವ ಪದಕ್ಕೆ ಗೆರೆ ಎಳೆದುಕೊಳ್ಳಿ. ಅದು ಮಗುವಿನ ಹಕ್ಕು. ಶಾಲೆಯವರು ತಮಗೆ ಕಷ್ಟ ಆಯಿತೆಂದು ಮಗುವನ್ನು ಆ ಪಟ್ಟಿಗೆ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ. ಆದರೆ ನಡೆಯುವುದು ಅದೇ.

ನಾನು ಮನೆಗೆ ಬಂದರೂ ಎಷ್ಟು ಹೊತ್ತು ಇರಬಲ್ಲೆ? ವಾರಕ್ಕೊಮ್ಮೆ ಒಂದು ಗಂಟೆ ಸಿಕ್ಕರೆ ಪುಣ್ಯ. ಮಳೆಗಾಲದಲ್ಲಿ ಅದೂ ಇಲ್ಲ. 2021ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ಇರಬೇಕು ಎಂದಿದೆ. ನನ್ನ ಪಾಲಿಗಿರುವ ಮಕ್ಕಳು ಅದರ ಎಷ್ಟೋ ಪಟ್ಟು. ನಿಮ್ಮ ಮಗ ನಡೆಯುತ್ತಾನೆ, ಊಟ ಮಾಡುತ್ತಾನೆ, ಒಂದು ವರ್ಷ ಶಾಲೆಯಲ್ಲಿ ಕೂತಿದ್ದಾನೆ. ಅವನನ್ನು ಮನೆ ಪಾಠಕ್ಕೆ ಬರೆಸಿದರೆ ವಾರಕ್ಕೆ ಒಂದು ಗಂಟೆಯ ಶಾಲೆಗೆ ಸೇರಿಸಿದಂತೆ.

ಇನ್ನೊಂದು ವಿಷಯ. ಸ್ಯಾಟ್ಸ್‌ನಲ್ಲಿ, ಅಂದರೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ, ಹೆಸರು ಓಡುತ್ತಿರುವವರೆಗೆ ನಮ್ಮ ಲೆಕ್ಕದಲ್ಲಿ ಅವನು ಶಾಲೆಯಲ್ಲಿರುವ ಮಗು. ಶಾಲೆಯಿಂದ ಹೊರಗುಳಿದವರ ಸಮೀಕ್ಷೆಗೆ ಬಂದವರು ಪಟ್ಟಿ ನೋಡಿ ನಿಮ್ಮ ಮನೆ ದಾಟಿಕೊಂಡು ಹೋಗುತ್ತಾರೆ. ಮಲ್ಲಿಗೆ ಅಕ್ಕ ಹೇಳಿದ ಅರ್ಜಿ ಅದಕ್ಕೇ ಮುಖ್ಯ.

ಬಯಲುಸೀಮೆ ಅಪ್ಪ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಾನೂನು ತೋರಿಸಿ ಕೂರಿಸಿದರೆ ಮಗು ಕಲಿತುಬಿಡುತ್ತದಾ? ನಮ್ಮೂರ ಶಾಲೆಯಲ್ಲಿ ಐದು ಕ್ಲಾಸಿಗೆ ಇಬ್ಬರೇ ಮೇಷ್ಟ್ರು. ಒಬ್ಬರು ಮೀಟಿಂಗಿಗೆ ಹೋದರೆ ಇನ್ನೊಬ್ಬರು ಎಲ್ಲರನ್ನೂ ಒಂದೇ ಕೋಣೆಗೆ ತುಂಬುತ್ತಾರೆ. ನನ್ನ ಮಗಳು, ಅವಳಿಗೂ ಆಟಿಸಂ, ಅಲ್ಲಿ ಒಂದು ವರ್ಷ ಕಿಟಕಿ ಸರಳು ಎಣಿಸಿದಳು. ಈಗ ಜಿಲ್ಲಾ ಕೇಂದ್ರದ ವಿಶೇಷ ಶಾಲೆಯಲ್ಲಿದ್ದಾಳೆ. ಸ್ಪೀಚ್ ಥೆರಪಿ ಸಿಗುತ್ತದೆ, ತಾನೇ ಊಟ ಮಾಡುತ್ತಾಳೆ, ಶೌಚಕ್ಕೆ ಹೇಳುತ್ತಾಳೆ. ನಮಗೆ ಅಷ್ಟು ಸಾಕಿತ್ತು. ಎಲ್ಲರ ಜೊತೆ ಕೂರಬೇಕು ಎನ್ನುವ ಆಸೆಗೆ ಮಗುವಿನ ವರ್ಷಗಳನ್ನು ಕಳೆಯಬೇಡಿ.

ಹುಬ್ಬಳ್ಳಿ ಮಲ್ಲಿಗೆ

@ಬಯಲುಸೀಮೆ ಅಪ್ಪ, ನಿಮ್ಮ ಮಗಳಿಗೆ ಒಳ್ಳೆಯದಾಗಿದೆ, ಖುಷಿ. ಆದರೆ ಜಿಲ್ಲಾ ಕೇಂದ್ರ ನಿಮಗೆ ಎಷ್ಟು ದೂರ? ಅಕ್ಕನವರಿಗೆ ಎಷ್ಟು? ಹಾಸ್ಟೆಲ್ಲಿಗೆ ಬಿಡಬೇಕು ಅಂದರೆ, ಎರಡೇ ಪದ ಮಾತಾಡುವ ಒಂಬತ್ತು ವರ್ಷದ ಮಗು ರಾತ್ರಿ ಹೊಟ್ಟೆನೋವು ಬಂದರೆ ಯಾರಿಗೆ ಹೇಳುತ್ತದೆ?

ಬಯಲುಸೀಮೆ ಅಪ್ಪ

18 ಕಿಲೋಮೀಟರ್. ದಿನಾ ಬಸ್ಸಿನಲ್ಲಿ ನಾನೇ ಕರೆದೊಯ್ದು ನಾನೇ ಕರೆತರುತ್ತೇನೆ. ಅದಕ್ಕೆಂದೇ ಹಗಲು ಕೆಲಸ ಬಿಟ್ಟು ರಾತ್ರಿ ವಾಚ್‌ಮನ್ ಆದೆ. ಹಾಸ್ಟೆಲ್ಲಿಗೆ ನಾನೂ ಬಿಡುತ್ತಿರಲಿಲ್ಲ.

ಕೋಲಾರದ ಟೀಚರ್

ನಾನು 19 ವರ್ಷದಿಂದ ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಇಬ್ಬರೇ ಮೇಷ್ಟ್ರು ಎನ್ನುವ ಮಾತು ನೂರಕ್ಕೆ ನೂರು ನಿಜ. ಆದರೂ ಅಮ್ಮ ಬರೆದದ್ದರಲ್ಲಿ ಒಂದು ಕಡೆ ಎಲ್ಲರೂ ಸುಮ್ನೆ ದಾಟಿಬಿಟ್ಟಿರಿ. ಮೊದಲ ವರ್ಷ ಚೆನ್ನಾಗಿಯೇ ನಡೆಯಿತು ಅಂದಿದ್ದಾರೆ. ಯಾಕೆ ನಡೆಯಿತು?

ನನ್ನ ಊಹೆ ಹೇಳುತ್ತೇನೆ. ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದದ್ದು. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ. ಪಕ್ಕದವನು ಹತ್ತನೇ ಮೆಟ್ಟಿಲಲ್ಲಿದ್ದರೆ ಇವನು ಮೂರನೆಯದರಲ್ಲಿ ಇರಬಹುದು, ಯಾರೂ ಹಿಂದುಳಿದವ ಅನ್ನುವುದಿಲ್ಲ. ಅದು ವಿಶೇಷ ಮಕ್ಕಳಿಗೆಂದು ಮಾಡಿದ್ದಲ್ಲ. ಆದರೂ ನಮ್ಮಲ್ಲಿ ಇವರಿಗೆ ಇಷ್ಟು ಹೊಂದುವ ಕೋಣೆ ಇನ್ನೊಂದು ನಾನು ನೋಡಿಲ್ಲ. ನಾಲ್ಕನೇ ಕ್ಲಾಸಿಗೆ ಹೋದರೆ ಪಠ್ಯಪುಸ್ತಕ, ಕಪ್ಪು ಹಲಗೆ, ಎಲ್ಲರಿಗೂ ಒಂದೇ ಪಾಠ. ನನ್ನ ಕಣ್ಣೆದುರೇ ಇಂಥ ಮಕ್ಕಳು ಜಾರಿದ್ದು ಅಲ್ಲೇ. ನಿಮ್ಮ ಮಗ ಈಗ ಮೂರನೇ ಕ್ಲಾಸು ಅಂದಿರಿ. ಹಾಗಾಗಿ ಈ ವರ್ಷವೇ ಹೋಗಬೇಕು, ಮುಂದಿನ ವರ್ಷಕ್ಕೆ ಅಂತ ಇಡಬೇಡಿ.

ಗಂಟೆಗೆ ನಮ್ಮಲ್ಲಿ ಒಂದು ಉಪಾಯ ಮಾಡಿದ್ದೆವು. ಹೆದರುವ ಹುಡುಗನ ಕೈಗೇ ಕೋಲು ಕೊಟ್ಟೆವು. ತಾನೇ ಮಾಡುವ ಸದ್ದು ಅಷ್ಟು ಹೆದರಿಸುವುದಿಲ್ಲ. ಎಂಟು ಹತ್ತು ದಿನದಲ್ಲಿ ಅವನೇ ಗಂಟೆ ಮಾನಿಟರ್. ಕೇಳಿ ನೋಡಿ.

ಕಡ್ಲೆಕಾಯಿ ಅಮ್ಮ

ಟೀಚರ್, ನೀವು ಹೇಳಿದ ಮೇಲೆ ನೆನಪಾಯಿತು. ಆ ಕಾರ್ಡುಗಳ ಮೇಲಿನ ಚಿತ್ರ ಅವನಿಗೆ ಈಗಲೂ ಗೊತ್ತು. ನವಿಲು ಕಂಡರೆ ಆ ಮಿಸ್ ಹೆಸರು ಹೇಳುತ್ತಾನೆ.

ಬಯಲುಸೀಮೆ ಅಣ್ಣ, ನಮಗೆ ಜಿಲ್ಲಾ ಕೇಂದ್ರ 70 ಕಿಲೋಮೀಟರ್ ಇದೆ. ಇಲ್ಲದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೋ ಏನೋ.

ನಮ್ಮ ಊರಲ್ಲಿ ಇಂಥ ಮನೆ ನಮ್ಮದೊಂದೇ. ಬೇರೆ ಕಡೆಯೂ ಹೀಗೇನಾ?

ಕಡಲತಡಿಯವ (ದಕ್ಷಿಣ ಕನ್ನಡ)

ಒಂದೇ ಮನೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. 2011ರ ಜನಗಣತಿಯಲ್ಲಿ ದೇಶದ 5ರಿಂದ 19 ವರ್ಷದ ಅಂಗವಿಕಲ ಮಕ್ಕಳಲ್ಲಿ ಶಾಲೆಗೆ ಹೋಗುತ್ತಿದ್ದವರು ನೂರಕ್ಕೆ 61. ಎಂದೂ ಮೆಟ್ಟಿಲೇ ಹತ್ತದವರು 27. ಉಳಿದವರು ಹೋಗಿ ಬಿಟ್ಟವರು. ನಿಮ್ಮ ಮಗನಂಥವರನ್ನು ಹೋಗುತ್ತಿದ್ದಾರೆ ಎನ್ನುವ ಕಡೆಯೇ ಬರೆದಿರುತ್ತಾರೆ ಬಿಡಿ.

ಮನೆ ಪಾಠವನ್ನು ಇಲ್ಲಿ ಸ್ವಲ್ಪ ಹಗುರವಾಗಿ ಮಾತಾಡಿದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ನಿಮಗೆ ಗೊತ್ತಿರಬಹುದು. ಆ ಊರುಗಳಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿದ್ದರು, ಈಗಲೂ ಇದ್ದಾರೆ. ನನ್ನ ತಮ್ಮ ಅಂಥವನು. ಕುತ್ತಿಗೆ ನಿಲ್ಲುತ್ತಿರಲಿಲ್ಲ. ಅವನ ಶಾಲೆಯ ವಯಸ್ಸಿನಲ್ಲಿ ಒಬ್ಬರೇ ಒಬ್ಬರು ಶಿಕ್ಷಕರು ಮನೆಗೆ ಬಂದಿಲ್ಲ. ಆಮೇಲೆ ಕೊಕ್ಕಡ, ಕೊಯ್ಲದಲ್ಲಿ ಹಗಲು ಪಾಲನಾ ಕೇಂದ್ರ ಆಯಿತು, ಕೆಲವು ಮನೆಗಳಿಗೆ ಉಸಿರು ಬಂತು. ತಮ್ಮನಿಗೆ ಅಷ್ಟರಲ್ಲಿ ವಯಸ್ಸಾಗಿತ್ತು.

ವಾರಕ್ಕೊಂದು ಗಂಟೆ ಅಂದಿರಲ್ಲ ಮೇಷ್ಟ್ರೇ. ನಮ್ಮ ಅಮ್ಮನಿಗೆ ಆ ಒಂದು ಗಂಟೆ ಸಿಕ್ಕಿದ್ದರೆ ಸಾಕಿತ್ತು ಮಾರಾಯ್ರೆ. ಒಬ್ಬರು ಬಂದು, ಕೂರಿಸುವುದು ಹೀಗೆ, ಚಮಚ ಹಿಡಿಸುವುದು ಹೀಗೆ ಎಂದು ತೋರಿಸಿದ್ದರೆ.

ಬಿಆರ್‌ಸಿ ಮೇಷ್ಟ್ರು

ತಪ್ಪು ನನ್ನದೇ, ಒಪ್ಪಿದೆ. ಅಂಥ ಮಕ್ಕಳ ಹಕ್ಕು ಅದು. ಓಡಾಡುವ ಮಕ್ಕಳನ್ನೂ ಅದೇ ಪಟ್ಟಿಗೆ ತಳ್ಳುವುದರಿಂದ ಹಾಸಿಗೆಯಲ್ಲಿರುವ ಮಕ್ಕಳಿಗೆ ನನ್ನ ಸಮಯ ಸಿಗುವುದಿಲ್ಲ. ನಾನು ಹೇಳಬೇಕಿದ್ದದ್ದು ಇದು.

ಹೊಸ ಸದಸ್ಯೆ_ಹಾಸನ

ನನ್ನ ಮಗಳು 7ನೇ ಕ್ಲಾಸು. ಡಿಸ್‌ಲೆಕ್ಸಿಯಾ ಇರಬಹುದು ಅಂದರು. ಓದು ಬರುವುದಿಲ್ಲ ಅಂತ ಶಾಲೆಗೆ ಹೋಗಲು ಅಳುತ್ತಾಳೆ. ಇಲ್ಲೇ ಕೇಳಬಹುದಾ?

ಹುಬ್ಬಳ್ಳಿ ಮಲ್ಲಿಗೆ

ಕೇಳಿರಿ, ಆದರೆ ಬೇರೆ ಎಳೆ ತೆರೆಯಿರಿ, ಇಲ್ಲಿ ಕಳೆದುಹೋಗುತ್ತದೆ. ಸದ್ಯಕ್ಕೆ ಒಂದು ಮಾತು. ಅದಕ್ಕೂ ಸರ್ಟಿಫಿಕೇಟು ಉಂಟು. 8 ವರ್ಷ ತುಂಬಿದ ಮೇಲೆ ಕೊಡುತ್ತಾರೆ, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಮಾಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯುವವರ ಸಹಾಯ ಎಲ್ಲಕ್ಕೂ ಅದು ಬೇಕು. ಹತ್ತನೇ ಕ್ಲಾಸಿಗೆ ಬಂದ ಮೇಲೆ ಓಡಾಡಬೇಡಿ.

ನನ್ನ ಮಗಳು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಪರೀಕ್ಷೆ ಕಟ್ಟಿದ್ದಾಳೆ. ಐದು ವರ್ಷ, ಒಂಬತ್ತು ಸಲ ಅವಕಾಶ. ಒಂದೊಂದೇ ವಿಷಯ ಬರೆಯಬಹುದು. ಗೃಹವಿಜ್ಞಾನ ಆಯಿತು. ಈಗ ಪೇಂಟಿಂಗು. ಮನೆ ಗೋಡೆ ನೋಡಬೇಕು ನೀವು.

ಕಡ್ಲೆಕಾಯಿ ಅಮ್ಮ

ಇವತ್ತು ಅರ್ಜಿ ಕೊಟ್ಟು ಬಂದೆ. ಸೀಲು ಹಾಕಿಸಿಕೊಂಡೆ. ಕೈ ನಡುಗುತ್ತಿತ್ತು.

ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇದೆಯಾ ಅಂತ ಕೇಳಿದರು. ನಮ್ಮ ಹತ್ತಿರ ಆಸ್ಪತ್ರೆಯ ಚೀಟಿ ಮಾತ್ರ ಇದೆ. ಅದಿಲ್ಲದೆ ಆಗುವುದಿಲ್ಲವಾ?

ಬಿಆರ್‌ಸಿ ಮೇಷ್ಟ್ರು

ಶಾಲೆಗೆ ಬರಲು ಯಾವ ಕಾರ್ಡೂ ಬೇಡ. ಯಾರಾದರೂ ಬೇಕು ಅಂದರೆ ಅದನ್ನೂ ಬರೆದುಕೊಡಿ ಅನ್ನಿ, ಸುಮ್ಮನಾಗುತ್ತಾರೆ.

ಆದರೆ ಕಾರ್ಡು ಮಾಡಿಸಿಡಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ. ಆಧಾರ್, ಫೋಟೊ ಸಾಕು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂತ ಒಬ್ಬರಿರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅರ್ಜಿ ತುಂಬಿಸುವುದು ಅವರ ಕೆಲಸವೇ. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರುಗಳು ಮಗುವನ್ನು ನೋಡುತ್ತಾರೆ. ಆ ದಿನ ಹೊರಗೆ ತುಂಬಾ ಹೊತ್ತು ಕಾಯಿಸುತ್ತಾರೆ. ಅವನಿಗೆ ಇಷ್ಟದ ತಿಂಡಿ, ನೀರು, ಆಟದ ಸಾಮಾನು ತೆಗೆದುಕೊಂಡು ಹೋಗಿ.

ಕಾರ್ಡು ಬಂದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಗೂ ಹಾಕಿ. ಆಟಿಸಂ ಅದರಲ್ಲಿ ಸೇರಿದೆ, ವರ್ಷಕ್ಕೆ 1 ಲಕ್ಷದವರೆಗೆ. ಥೆರಪಿಯ ಖರ್ಚಿಗೂ ಒಂದಿಷ್ಟು ಸಿಗುತ್ತದೆ.

ಮೈಸೂರು ಅಜ್ಜಿ

ಮೊಮ್ಮಗನನ್ನು ನೋಡಿಕೊಳ್ಳುವವಳು ನಾನು. ಮಾತಿನ ಬಗ್ಗೆ ಸರಿಯಾಗಿ ತೋರಿಸಬೇಕು ಅಂದರೆ ಒಮ್ಮೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಬನ್ನಿ. ಆಟೋದವರಿಗೆ ಸ್ಪೀಚ್ ಅಂಡ್ ಹಿಯರಿಂಗ್ ಅಂದರೆ ಗೊತ್ತು. ಮಗುವಿಗೆ ಕಲಿಸುವುದಕ್ಕಿಂತ ನಮಗೆ ಕಲಿಸಿದ್ದೇ ಜಾಸ್ತಿ.

ದಿನವಿಡೀ ಏನು ಮಾಡಲಿ ಅಂತ ಕೇಳಿದಿರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ ನೋಡಿ. ಎಲ್ಲರೂ ಕಾನೂನಿನ ಹಿಂದೆ ಬಿದ್ದರು. ನಿಮ್ಮ ಹೆಸರಲ್ಲೇ ಕಡ್ಲೆಕಾಯಿ ಇದೆಯಲ್ಲ ಮಗಳೇ, ಮನೇಲಿ ಬಿಡಿಸುತ್ತೀರಾ? ಅವನನ್ನು ಎದುರಿಗೆ ಕೂರಿಸಿಕೊಳ್ಳಿ.

ಕಡ್ಲೆಕಾಯಿ ಅಮ್ಮ

ಕೂರುತ್ತಾನೆ ಅಜ್ಜಿ! ಬಿತ್ತನೆ ಬೀಜಕ್ಕೆ ಕಾಯಿ ಬಿಡಿಸುವಾಗ ಒಂದು ಗಂಟೆ ಬೇಕಾದರೂ ಅಲುಗಾಡುವುದಿಲ್ಲ. ಒಂದು ಬೀಜದ ಕಾಯಿ, ಎರಡು ಬೀಜದ್ದು, ಮೂರು ಬೀಜದ್ದು ಅಂತ ಬೇರೆ ಬೇರೆ ಗುಡ್ಡೆ ಹಾಕುತ್ತಾನೆ. ಒಡೆಯುವ ಮುಂಚೆ! ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾನೆ. ತಪ್ಪುವುದೇ ಇಲ್ಲ. ನಾನು ಆಟ ಆಡುತ್ತಿದ್ದಾನೆ ಅಂದುಕೊಂಡಿದ್ದೆ.

ಮೈಸೂರು ಅಜ್ಜಿ

ಆಟವೇ. ಒಂದು, ಎರಡು, ಮೂರು ಅಂತ ಗುಡ್ಡೆಯ ಮುಂದೆ ಚೀಟಿ ಬರೆದಿಡಿ. ನಾಳೆ ಚೀಟಿ ಅದಲು ಬದಲು ಮಾಡಿ. ಏನು ಮಾಡುತ್ತಾನೆ ನೋಡಿ ಬರೆಯಿರಿ.

ಕಡ್ಲೆಕಾಯಿ ಅಮ್ಮ

ಬೈದ. "ಅಮ್ಮ ತಪ್ಪು" ಅಂದ. ಚೀಟಿ ಎತ್ತಿ ಸರಿಯಾದ ಗುಡ್ಡೆಗೆ ಇಟ್ಟ.

ಕೋಲಾರದ ಟೀಚರ್

ಇದನ್ನು ಫೋನಿನಲ್ಲಿ ವಿಡಿಯೊ ಮಾಡಿ, ದಯವಿಟ್ಟು. ಶಾಲೆಯ ಮೀಟಿಂಗಿಗೆ ಅದೇ ಸಾಕು. ಓಡಿಹೋಗುವ ಹುಡುಗ ಅಂತಲೇ ಅವನು ಅವರಿಗೆ ಗೊತ್ತಿರುವುದು. ಎಣಿಸುವ ಹುಡುಗನನ್ನೂ ನೋಡಲಿ.

ಇನ್ನೊಂದು, ಬೆಳಗ್ಗೆಯ ಕೆಲಸಗಳನ್ನು ಚಿತ್ರ ಬರೆದು ಸಾಲಾಗಿ ಗೋಡೆಗೆ ಅಂಟಿಸಿ. ಹಲ್ಲುಜ್ಜುವುದು, ಸ್ನಾನ, ತಿಂಡಿ, ಚಪ್ಪಲಿ, ಶಾಲೆ. ಶಾಲೆಗೆ ಹೋಗದಿದ್ದರೂ ಈಗಲೇ ಶುರು ಮಾಡಿ, ಗೇಟಿನವರೆಗೆ ಹೋಗಿ ಬನ್ನಿ. ಹದಿನಾಲ್ಕು ತಿಂಗಳ ರಜೆ ಒಂದೇ ದಿನ ಮುಗಿಯುವುದಿಲ್ಲ.

ಕಡ್ಲೆಕಾಯಿ ಅಮ್ಮ (ಐದು ವಾರದ ನಂತರ)

ಎಲ್ಲರೂ ಮೆಸೇಜ್ ಮಾಡಿ ಕೇಳಿದಿರಿ, ಬರೆಯಲು ತಡವಾಯಿತು.

ಅರ್ಜಿ ಕೊಟ್ಟ ಮೂರನೇ ದಿನಕ್ಕೆ ಹೆಡ್ ಮಾಸ್ಟರೇ ಮನೆಗೆ ಬಂದರು. "ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವೇನಮ್ಮ, ಬಿಇಒ ಆಫೀಸಿಗೆಲ್ಲ ಯಾಕೆ ಕೊಟ್ರಿ" ಅಂದರು. ಕಾಫಿ ಕೊಟ್ಟೆ. ಆಮೇಲೆ ಮೀಟಿಂಗ್ ಆಯಿತು. ನಮ್ಮ ತಾಲ್ಲೂಕಿನ ಬಿಐಇಆರ್‌ಟಿ, ಸಿಆರ್‌ಪಿ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಎಲ್ಲ ಬಂದಿದ್ದರು. ವಿಡಿಯೊ ತೋರಿಸಿದೆ. ಸಿಆರ್‌ಪಿ ಎರಡು ಸಲ ನೋಡಿದರು, ಮೇಜಿನ ಮೇಲಿದ್ದ ಒಂದು ಕಾಯಿ ತಗೊಂಡು ತಾವೂ ಕಿವಿಗೆ ಹಿಡಿದು ನೋಡಿದರು.

ಮೊದಲ ತಿಂಗಳು ಹತ್ತೂವರೆಯಿಂದ ಬಿಸಿಯೂಟದವರೆಗೆ, ಬೆಳಗಿನ ಗಂಟೆ ಆದ ಮೇಲೆ ಒಳಗೆ ಬರುವುದು ಅಂತ ತೀರ್ಮಾನ ಆಯಿತು. ನಿಧಾನಕ್ಕೆ ಹೊತ್ತು ಜಾಸ್ತಿ ಮಾಡಬೇಕು ಎನ್ನುವುದನ್ನೂ ಬರೆಸಿಕೊಂಡೆ. ಇಲ್ಲದಿದ್ದರೆ ಅರ್ಧ ದಿನವೇ ಕಾಯಂ ಆಗುತ್ತದೆ ಅಂತ ಮಲ್ಲಿಗೆ ಅಕ್ಕ ಫೋನಿನಲ್ಲಿ ಎಚ್ಚರಿಸಿದ್ದರು. ಎರಡು ವಾರಕ್ಕೊಮ್ಮೆ ಬಿಐಇಆರ್‌ಟಿ ಬರುತ್ತಾರೆ ಅಂದಿದ್ದಾರೆ, ಇದುವರೆಗೆ ಒಂದು ಸಲ ಬಂದಿದ್ದಾರೆ.

ಎಲ್ಲ ಸುಸೂತ್ರ ಅಂತ ಅಂದುಕೊಳ್ಳಬೇಡಿ. ಎರಡನೇ ವಾರ ಒಂದು ದಿನ ಗೇಟಿನಲ್ಲೇ ಮಲಗಿಬಿಟ್ಟ, ಎತ್ತಲು ಆಗಲಿಲ್ಲ, ವಾಪಸ್ ಬಂದೆವು. ಒಬ್ಬ ಹುಡುಗನ ತಾಯಿ "ನನ್ನ ಮಗನಿಗೆ ಕಚ್ಚಿದರೆ?" ಅಂತ ಕೇಳಿದರು. ಇವನು ಯಾರಿಗೂ ಕಚ್ಚಿದವನಲ್ಲ.

ಟೀಚರ್, ನಿಮ್ಮ ಗಂಟೆಯ ಉಪಾಯ ನಮ್ಮಲ್ಲಿ ನಡೆಯಲಿಲ್ಲ. ಕೋಲು ಕೈಗೆ ಕೊಟ್ಟರೆ ಬೇಲಿಯಾಚೆ ಬಿಸಾಡಿದ. ದಾರಿ ಹುಡುಕಿದ್ದು ಬಿಸಿಯೂಟದ ಅಡುಗೆಯಕ್ಕ. ಊಟದ ಗಂಟೆ ಹೊಡೆಯುವ ಮುಂಚೆ ಅವರು ಕ್ಲಾಸಿನ ಬಾಗಿಲಿಗೆ ಬಂದು ಕೈ ಎತ್ತಿ ನಿಲ್ಲುತ್ತಾರೆ. ಇವನು ನೋಡಿ ಕಿವಿ ಮುಚ್ಚಿಕೊಳ್ಳುತ್ತಾನೆ. ಗಂಟೆ ಆಗುತ್ತದೆ. ಕೈ ತೆಗೆಯುತ್ತಾನೆ, ತಟ್ಟೆ ಹುಡುಕುತ್ತಾನೆ. ಓಡುವುದಿಲ್ಲ.

ಕೋಲಾರದ ಟೀಚರ್

ನನ್ನ ಉಪಾಯಕ್ಕಿಂತ ಇದು ಎಷ್ಟೋ ವಾಸಿ. ಈ ವರ್ಷ ಸೇರಿದ ಒಬ್ಬಳಿಗೆ ನಾಳೆಯೇ ಮಾಡಿ ನೋಡುತ್ತೇನೆ. ಕೈ ಎತ್ತಿ ಎಷ್ಟು ಹೊತ್ತು ನಿಲ್ಲುತ್ತಾರೆ?

ಕಡ್ಲೆಕಾಯಿ ಅಮ್ಮ

ಐದು ಎಣಿಸುವಷ್ಟು. ಜೋರಾಗಿಯೇ ಎಣಿಸುತ್ತಾರೆ. ಈಗ ನಾಲ್ಕರವರೆಗೆ ಅವರು, ಐದು ಅನ್ನುವುದು ಇವನು.